ಸೋತ ಮೇಲೆ ಮನೆ ಮನೆಗೆ ಹೋಗಿ ಏನು ಹೇಳಬೇಕು? ಬೂತ್ ಮಟ್ಟದಲ್ಲಿ ದುಡಿದವರು ತಿಳಿಸಿ

ಹೊಳೆಸಾಲ ಹುಡುಗ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ್ರಿ. ನಾನು ಬಾಗಲಕೋಟೆ ಜಿಲ್ಲೆಯ ಹೊಳೆಸಾಲಿನ ಒಂದು ಹಳ್ಳಿಯವನು. ತಾಲ್ಲೂಕು ಹೇಳುವುದಿಲ್ಲ. ಪಕ್ಷದ ಹೆಸರಂತೂ ಹೇಳುವುದೇ ಇಲ್ಲ. ಹೇಳಿದರೆ ಉತ್ತರದ ಬದಲು ಜಗಳ ಬರುತ್ತದೆ.

ಮನೆಯಲ್ಲಿ ಕಬ್ಬು ಇದೆ, ಸ್ವಲ್ಪ ಗೋವಿನಜೋಳ ಇದೆ. ಪಕ್ಷಕ್ಕೆ ಬೂತ್ ಏಜೆಂಟ್ ಆಗಿ ಕೂರುತ್ತೇನೆ. ದುಡ್ಡಿಗೆ ಅಲ್ಲ, ಅಪ್ಪನ ಕಾಲದಿಂದ ಬಂದದ್ದು. ಈ ಸಲ ಸೋತೆವು. ನಮ್ಮ ಊರಲ್ಲಿ ಯಾವತ್ತೂ ಲೀಡ್ ಬರುತ್ತಿದ್ದ ಬೂತ್‌ನಲ್ಲೂ ಹಿಂದೆ ಬಿದ್ದೆವು.

ಸೋತ ಮೇಲೆ ತಾಲ್ಲೂಕಿನ ಕಲ್ಯಾಣ ಮಂಟಪದಲ್ಲಿ ಆತ್ಮಾವಲೋಕನ ಸಭೆ ಇಟ್ಟಿದ್ದರು. ವೇದಿಕೆಯ ಮೇಲೆ ಇಪ್ಪತ್ತು ಕುರ್ಚಿ. ಒಬ್ಬರು ದುಡ್ಡು ಅಂದರು, ಒಬ್ಬರು ಜಾತಿ ಅಂದರು, ಒಬ್ಬರು ಮಷೀನ್ ಅಂದರು. ಒಬ್ಬ ಹಿರಿಯ ಮುಖಂಡರು 'ಈ ಜನರಿಗೆ ಉಪಕಾರಸ್ಮರಣೆಯೇ ಇಲ್ಲ' ಅಂದುಬಿಟ್ಟರು. ಬೂತ್‌ನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಆಮೇಲೆ ಶಿರಾ, ಪೂರಿ, ಅನ್ನ ಸಾರು. ಎಲ್ಲರೂ ಉಂಡು ಮನೆಗೆ ಹೋದರು.

ಊರಲ್ಲಿ ಯಾರೂ ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾ ಕೊಡುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ. ಪಕ್ಷದ ಸುದ್ದಿ ತೆಗೆದ ಕೂಡಲೇ ಎಮ್ಮೆ ಹಿಂಡುವ ಹೊತ್ತಾಯಿತು ಅಂತ ಏಳುತ್ತಾರೆ. ಒಬ್ಬ ಕಾಕಾ ಮಾತ್ರ ಸೀದಾ ಹೇಳಿದರು. 'ನಿಮ್ಮ ಸಾಹೇಬ್ರ ಫ್ಯಾಕ್ಟರಿಯಿಂದ ನನ್ನ ಕಬ್ಬಿನ ಬಿಲ್ ಕೊಡಿಸು. ಆಮೇಲೆ ಓಟಿನ ಮಾತು ಆಡೋಣ.' ಪಕ್ಕದ ಜಿಲ್ಲೆಯ ಒಂದು ಕಾರ್ಖಾನೆ ಅದು. ನಮ್ಮ ಪಕ್ಷದ ದೊಡ್ಡವರೊಬ್ಬರಿಗೆ ಸಂಬಂಧಪಟ್ಟದ್ದು.

ಈಗ ಮೇಲಿನಿಂದ ಆದೇಶ ಬಂದಿದೆ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಚುನಾವಣೆ ಯಾವಾಗ ಬೇಕಾದರೂ ಬರಬಹುದು, ಮನೆ ಮನೆಗೆ ಹೋಗಿ ಜನರ ವಿಶ್ವಾಸ ಗಳಿಸಿ ಅಂತ. ಕರಪತ್ರದ ಒಂದು ಕಟ್ಟು ಕಳಿಸಿದ್ದಾರೆ. ಅದು ಇನ್ನೂ ಪಡಸಾಲೆಯಲ್ಲೇ ಬಿದ್ದಿದೆ. ಹೋಗಿ ಏನು ಹೇಳಲಿ ಅನ್ನುವುದೇ ತಿಳಿಯುತ್ತಿಲ್ಲ. ಅನುಭವ ಇದ್ದವರು ಹೇಳಿ.

---

ಕಬ್ಬಿನ ಗಾಡಿ (ಗೋಕಾಕ)

ತಮ್ಮಾ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ಪಕ್ಷದ ಮೇಲೆ ನಂಬಿಕೆ ಅನ್ನುವುದೆಲ್ಲ ಪೇಪರ್‌ನವರ ಮಾತು. ನಮ್ಮ ಕಡೆ ಓಟು ಹೋಗುವುದು ಮನುಷ್ಯನಿಗೆ, ಮನೆತನಕ್ಕೆ.

ಅಥಣಿ ನೋಡು. ಲಕ್ಷ್ಮಣ ಸವದಿ 2018ರಲ್ಲಿ ಬಿಜೆಪಿಯಿಂದ ನಿಂತು ಕಾಂಗ್ರೆಸ್‌ನ ಮಹೇಶ ಕುಮಠಳ್ಳಿ ಎದುರು ಎರಡು ಸಾವಿರ ಚಿಲ್ಲರೆ ಮತದಿಂದ ಸೋತರು. 2019ರಲ್ಲಿ ಕುಮಠಳ್ಳಿ ಬಿಜೆಪಿಗೆ ಬಂದರು, ಉಪಚುನಾವಣೆ ಗೆದ್ದರು. 2023ರಲ್ಲಿ ಟಿಕೆಟ್ ಸಿಗಲಿಲ್ಲ ಅಂತ ಸವದಿ ಕಾಂಗ್ರೆಸ್‌ಗೆ ಹೋದರು. ಅದೇ ಇಬ್ಬರು, ಚಿಹ್ನೆ ಮಾತ್ರ ಅದಲು ಬದಲು. ಆ ಸಲ ಸವದಿ ಗೆದ್ದದ್ದು 76 ಸಾವಿರಕ್ಕಿಂತ ಜಾಸ್ತಿ ಅಂತರದಲ್ಲಿ. ಇದರಲ್ಲಿ ಪಕ್ಷದ ಮೇಲಿನ ನಂಬಿಕೆ ಎಲ್ಲಿ ಬಂತು ಹೇಳು?

ಒಳ್ಳೆ ಕ್ಯಾಂಡಿಡೇಟ್ ಬಂದರೆ ಗೆಲ್ಲುತ್ತೀರಿ. ಬರದಿದ್ದರೆ ಕರಪತ್ರ ಒಲೆಗೆ ಹಾಕು.

---

ಲೆಕ್ಕದ ಮಾಸ್ತರ (ವಿಜಯಪುರ)

ಗೋಕಾಕದವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧಕ್ಕೆ ನನ್ನ ಹತ್ತಿರ ಲೆಕ್ಕ ಇದೆ.

2023ರ ವಿಧಾನಸಭೆ ತೆಗೆದುಕೊಳ್ಳಿ. ರಾಜ್ಯದ 224ರಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ನಮ್ಮ ವಿಜಯಪುರ ಜಿಲ್ಲೆಯ ಎಂಟರಲ್ಲಿ ಕಾಂಗ್ರೆಸ್‌ಗೆ 6. ಬಾಗಲಕೋಟೆಯ ಏಳರಲ್ಲಿ 5. ಬೆಳಗಾವಿಯ ಹದಿನೆಂಟರಲ್ಲಿ 11. ಒಂದೇ ವರ್ಷ ಬಿಟ್ಟು 2024ರ ಲೋಕಸಭೆ ಬಂತು. ವಿಜಯಪುರದಲ್ಲಿ ಬಿಜೆಪಿಯ ರಮೇಶ ಜಿಗಜಿಣಗಿ ಗೆದ್ದರು, ಬಾಗಲಕೋಟೆಯಲ್ಲಿ ಬಿಜೆಪಿಯ ಪಿ.ಸಿ. ಗದ್ದಿಗೌಡರ ಗೆದ್ದರು. ಚಿಕ್ಕೋಡಿಯಲ್ಲಿ ಉಲ್ಟಾ. ಅಲ್ಲಿ ಬಿಜೆಪಿಯ ಕೈಯಲ್ಲಿದ್ದ ಸೀಟನ್ನು ಕಾಂಗ್ರೆಸ್‌ನ ಪ್ರಿಯಾಂಕಾ ಜಾರಕಿಹೊಳಿ ಗೆದ್ದರು. ಬೆಳಗಾವಿಯಲ್ಲಿ ಜಗದೀಶ ಶೆಟ್ಟರ್. ಅವರು 2023ರಲ್ಲಿ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್‌ನಿಂದ ನಿಂತು ಸೋತಿದ್ದರು. ಮರುವರ್ಷ ಬಿಜೆಪಿಗೆ ಮರಳಿ ಬೆಳಗಾವಿಯಿಂದ ಗೆದ್ದು ದಿಲ್ಲಿಗೆ ಹೋದರು.

ವಿಜಯಪುರ ಲೋಕಸಭೆಯ ಎಂಟು ಕ್ಷೇತ್ರವೂ ನಮ್ಮ ಜಿಲ್ಲೆಯವೇ. ಹಾಗಾಗಿ ಹೊರಗಿನವರು ಬಂದು ಓಟು ಹಾಕಿದರು ಅನ್ನುವ ಹಾಗಿಲ್ಲ. ಅದೇ ಊರು, ಅದೇ ಶಾಲೆಯ ಕೋಣೆ, ಬಹುಪಾಲು ಅದೇ ಮತದಾರ. ಬೆಂಗಳೂರಿಗೆ ಯಾರು, ದಿಲ್ಲಿಗೆ ಯಾರು ಅಂತ ಅವನು ಬೇರೆ ಬೇರೆಯಾಗಿ ಯೋಚಿಸುತ್ತಾನೆ. 'ಜನ ನಮ್ಮನ್ನು ಕೈಬಿಟ್ಟರು' ಅಂತ ಒಟ್ಟಾರೆ ಅಳುವ ಬದಲು, ಯಾರು, ಯಾವ ಬೂತ್‌ನಲ್ಲಿ, ಯಾವ ಚುನಾವಣೆಯಲ್ಲಿ ಬಿಟ್ಟರು ಅಂತ ನೋಡಬೇಕು.

ಅದಕ್ಕೆ ದಾರಿ ಇದೆ. ಪ್ರತಿ ಕ್ಷೇತ್ರಕ್ಕೂ ಫಾರ್ಮ್ 20 ಅಂತ ಅಂತಿಮ ಫಲಿತಾಂಶದ ಹಾಳೆ ಇರುತ್ತದೆ. ಬೂತ್‌ವಾರು ಯಾರಿಗೆ ಎಷ್ಟು ಮತ ಅಂತ ಅದರಲ್ಲಿ ಇದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ವಿಧಾನಸಭೆಯದ್ದೊಂದು, ಲೋಕಸಭೆಯದ್ದೊಂದು ಇಳಿಸಿಕೊಂಡು ಪಕ್ಕಪಕ್ಕದಲ್ಲಿ ಇಟ್ಟು ನೋಡು. ಏಜೆಂಟ್ ಆಗಿ ಕೂತವನು ಅಂದರೆ ಮತದಾನದ ಸಂಜೆ ಪ್ರಿಸೈಡಿಂಗ್ ಆಫೀಸರ್ ಸಹಿ ಮಾಡಿ ಕೊಟ್ಟ ಫಾರ್ಮ್ 17ಸಿ ನಿನ್ನ ಹತ್ತಿರ ಇರಬೇಕು. ಒಟ್ಟು ಎಷ್ಟು ಮತ ಬಿದ್ದಿತ್ತು ಅನ್ನುವುದು ಅದರಲ್ಲಿದೆ. ಮಷೀನ್ ಮಷೀನ್ ಅನ್ನುವ ನಿಮ್ಮ ಮುಖಂಡರಿಗೆ ಮೊದಲು ಅದೆರಡನ್ನೂ ತಾಳೆ ಹಾಕಿ ನೋಡಲು ಹೇಳು. ಅವರು ನೋಡಿರುವುದಿಲ್ಲ, ನಾನು ಬರೆದು ಕೊಡುತ್ತೇನೆ.

ಒಂದು ಹಳೆಯ ಕಥೆಯನ್ನೂ ಹೇಳಿಬಿಡುತ್ತೇನೆ. 1984ರ ಡಿಸೆಂಬರ್. ಇಂದಿರಾ ಗಾಂಧಿ ತೀರಿಹೋದ ಮೇಲೆ ನಡೆದ ಲೋಕಸಭೆ ಚುನಾವಣೆ. ಆಗ ರಾಜ್ಯದಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ. 28ರಲ್ಲಿ ಅವರಿಗೆ ಬಂದದ್ದು ಬರೀ 4. ವಿಧಾನಸಭೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿ ಕುರ್ಚಿಯಲ್ಲೇ ಕೂರಬಹುದಿತ್ತು. ಕಾನೂನಿನಲ್ಲಿ ಅಡ್ಡಿಯೇನೂ ಇರಲಿಲ್ಲ. ಆದರೆ ಜನರ ಒಪ್ಪಿಗೆ ಮತ್ತೆ ಬೇಕು ಅಂತ ರಾಜೀನಾಮೆ ಕೊಟ್ಟರು, ವಿಧಾನಸಭೆ ವಿಸರ್ಜನೆ ಆಯಿತು. 1985ರ ಮಾರ್ಚ್‌ನಲ್ಲಿ ಅದೇ ಜನ ಅದೇ ಪಕ್ಷಕ್ಕೆ 139 ಸೀಟು ಕೊಟ್ಟರು. 1983ರಲ್ಲಿ 95 ಇತ್ತು. ಆಗ ನಾನು ಹೊಸದಾಗಿ ನೌಕರಿಗೆ ಸೇರಿದ್ದೆ. ಚಹಾದಂಗಡಿಯಲ್ಲಿ ಹೆಗಡೆಯವರನ್ನು ಇಷ್ಟಪಡದವರೂ 'ಮನುಷ್ಯ ಕುರ್ಚಿ ಬಿಟ್ಟನಲ್ಲ' ಅನ್ನುತ್ತಿದ್ದದ್ದು ಕೇಳಿದ್ದೇನೆ. ಮುಂದೆ 1989ರಲ್ಲಿ ಜನತಾದಳ 24ಕ್ಕೆ ಇಳಿಯಿತು ಅನ್ನುವುದು ಬೇರೆ ಮಾತು. ಒಳಜಗಳ ಅದನ್ನು ತಿಂದಿತು.

---

ರಾಯಬಾಗದ ಅಕ್ಕ

ತಮ್ಮಾ, ನಿನ್ನ ಪ್ರಶ್ನೆ ಓದಿ ನಗುವೂ ಬಂತು, ಸಂಕಟವೂ ಆಯಿತು. ಆ ಶಿರಾ ಪೂರಿ ಸಭೆಯಲ್ಲಿ ನಾನೂ ಉಂಡಿದ್ದೇನೆ. ಬೇರೆ ಪಕ್ಷದ್ದು ಇರಬಹುದು, ಅಡುಗೆಯವರು ಅವರೇ.

ನಾನು ತಾಲ್ಲೂಕು ಪಂಚಾಯ್ತಿ ಮಾಜಿ ಸದಸ್ಯೆ. ಮಹಿಳೆಯರಿಗೆ ಅರ್ಧ ಸೀಟು ಅಂತ ಬಂದ ಮೇಲೆ 2010ರ ಚುನಾವಣೆಯಲ್ಲಿ ನನ್ನನ್ನು ನಿಲ್ಲಿಸಿದರು. ಸೋತೆ. 2016ರಲ್ಲಿ ಅಲ್ಲೇ ನಿಂತೆ, ಗೆದ್ದೆ. 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಹೀಗಾಗಿ ನಾನು ಸೋತು ಮಾಜಿ ಆದವಳಲ್ಲ, ಚುನಾವಣೆ ಆಗದೆ ಮಾಜಿ ಆದವಳು.

ಮಾಸ್ತರ್ರು ಹೇಳಿದ ಹೆಗಡೆಯವರ ಕಥೆಯಿಂದ ನನಗೆ ಒಂದೇ ವಿಷಯ ಬೇಕು. ಅವರು ಏನೋ ಕಳೆದುಕೊಳ್ಳಲು ತಯಾರಾದರು. ಜನ ನೋಡುವುದು ಅದನ್ನೇ. ನಿಮ್ಮ ಕರಪತ್ರದಲ್ಲಿ ಇರುವ ಮಾತು ನಿಮ್ಮ ಪಕ್ಷಕ್ಕೆ ಒಂದು ರೂಪಾಯಿಯೂ ಖರ್ಚಾಗದ ಮಾತು. ಅದಕ್ಕೇ ಅದನ್ನು ಯಾರೂ ಓದುವುದಿಲ್ಲ. ನಿನಗೂ ಅದು ಗೊತ್ತು, ಇಲ್ಲದಿದ್ದರೆ ಕಟ್ಟು ಪಡಸಾಲೆಯಲ್ಲಿ ಯಾಕೆ ಬಿದ್ದಿರುತ್ತಿತ್ತು?

ನನ್ನ ತವರು ಜಮಖಂಡಿ ಕಡೆ. ಸಿದ್ದು ನ್ಯಾಮಗೌಡರ ಹೆಸರು ಕೇಳಿರಬೇಕಲ್ಲ, ಬ್ಯಾರೇಜ್ ಸಿದ್ದು ಅಂತಲೇ ಕರೆಯುತ್ತಿದ್ದರು. ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಕೂಡಿಸಿ, ರೈತರೇ ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. 1989ರಲ್ಲಿ ಮುಗಿಯಿತು. ಶ್ರಮಬಿಂದು ಸಾಗರ ಅಂತ ಹೆಸರು. ನಮ್ಮ ಮನೆಯ ಗಂಡಸರೂ ಕೆಲಸಕ್ಕೆ ಹೋಗಿದ್ದರು. ಎರಡು ವರ್ಷ ಬಿಟ್ಟು 1991ರಲ್ಲಿ ಅದೇ ನ್ಯಾಮಗೌಡರು ಬಾಗಲಕೋಟೆ ಲೋಕಸಭೆಗೆ ಕಾಂಗ್ರೆಸ್‌ನಿಂದ ನಿಂತರು. ಎದುರಿಗೆ ಯಾರು? ಮಾಸ್ತರ್ರು ಹೇಳಿದ ಅದೇ ರಾಮಕೃಷ್ಣ ಹೆಗಡೆಯವರು. ದೇಶಕ್ಕೇ ಗೊತ್ತಿದ್ದ ಮನುಷ್ಯ. ಗೆದ್ದದ್ದು ನ್ಯಾಮಗೌಡರು. ಭಾಷಣದಲ್ಲಿ ಹೆಗಡೆಯವರನ್ನು ಮೀರಿಸುವವರು ಇದ್ದರೇ? ಆದರೆ ನೀರು ನಿಂತದ್ದು ನಮ್ಮವರ ಕಣ್ಣ ಮುಂದೆ.

ಈಗ ನಿನ್ನ ಹತ್ತಿರ ಬ್ಯಾರೇಜ್ ಕಟ್ಟುವ ಶಕ್ತಿ ಇಲ್ಲ, ಸರ್ಕಾರವೂ ನಿಮ್ಮದಲ್ಲ. ಹಾಗಾದರೆ ಏನು ಮಾಡಬಹುದು ಅಂತ ನಾನು 2011ರಿಂದ ಮಾಡಿದ್ದನ್ನು ಹೇಳುತ್ತೇನೆ. ದೊಡ್ಡದೇನೂ ಅಲ್ಲ.

ಮೊದಲು ಶಾಲು ಬಿಟ್ಟೆ. ಪಕ್ಷದ ಬಣ್ಣದ ಶಾಲು ಹಾಕಿಕೊಂಡು ಯಾರ ಮನೆಗೂ ಹೋಗಲಿಲ್ಲ. ವಾರದ ಸಂತೆಯ ದಿನ ಪಂಚಾಯ್ತಿ ಕಟ್ಟೆಯ ಪಕ್ಕದಲ್ಲಿ ಕೂರುತ್ತಿದ್ದೆ. ಕಾಗದ, ಪೆನ್ನು, ಝೆರಾಕ್ಸ್ ಮಾಡಿಸಿದ ಅರ್ಜಿ ನಮೂನೆ. ವಿಧವಾ ವೇತನ, ಸಂಧ್ಯಾ ಸುರಕ್ಷಾ, ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸುವುದು, ಪಹಣಿಯಲ್ಲಿ ಹೆಸರು ತಪ್ಪಿದ್ದು. ಬರೆದು ಕೊಡುವುದು ನನ್ನ ಕೆಲಸ, ಮಂಜೂರಿ ಮಾಡಿಸುವುದು ನನ್ನ ಕೈಲಿಲ್ಲ ಅಂತ ಮೊದಲೇ ಹೇಳುತ್ತಿದ್ದೆ. ಇದು ಬಹಳ ಮುಖ್ಯ ತಮ್ಮಾ. 'ನಾನು ಮಾಡಿಸಿಕೊಡುತ್ತೇನೆ' ಅಂದರೆ ಸೋತ ಪಕ್ಷದವಳ ಮಾತು ಆಗಲೇ ಸುಳ್ಳಾಗುತ್ತದೆ. 'ಬುಧವಾರ ತಹಶೀಲ್ದಾರ್ ಕಚೇರಿಗೆ ನಿಮ್ಮ ಜೊತೆ ಬರುತ್ತೇನೆ' ಅಂದರೆ, ಬುಧವಾರ ಬಂದೆನೋ ಇಲ್ಲವೋ ಅಂತ ಅವರೇ ನೋಡಬಹುದು.

2012ರಲ್ಲಿ ಸರ್ಕಾರಿ ಕೆಲಸ ಹೊತ್ತಿಗೆ ಸರಿಯಾಗಿ ಆಗಬೇಕು ಅನ್ನುವ 'ಸಕಾಲ' ಕಾಯ್ದೆ ಬಂದಾಗ ನನಗೆ ದೊಡ್ಡ ಆಯುಧ ಸಿಕ್ಕ ಹಾಗಾಯಿತು. ಅರ್ಜಿ ಕೊಟ್ಟರೆ ಹದಿನೈದು ಅಂಕಿಯ ನಂಬರ್ ಇರುವ ಸ್ವೀಕೃತಿ ಚೀಟಿ ಕೊಡಬೇಕು. ಇಂತಿಷ್ಟು ದಿನದಲ್ಲಿ ಕೆಲಸ ಆಗಬೇಕು, ಆಗದಿದ್ದರೆ ಮೇಲ್ಮನವಿ. ಜನರಿಗೆ ಇದು ಗೊತ್ತೇ ಇರಲಿಲ್ಲ. ಕೌಂಟರಿನಲ್ಲಿ 'ಚೀಟಿ ಕೊಡ್ರಿ' ಅಂತ ಕೇಳಲು ಹೆಣ್ಣುಮಕ್ಕಳಿಗೆ ಕಲಿಸಿದೆ. ಮೊದಮೊದಲು ಕಚೇರಿಯವರು ನನ್ನನ್ನು ಕಂಡರೆ ಮುಖ ಗಂಟು ಹಾಕುತ್ತಿದ್ದರು. ಆಮೇಲೆ ಕುರ್ಚಿ ತೋರಿಸುತ್ತಿದ್ದರು. ನರೇಗಾದಲ್ಲೂ ಹಾಗೇ. ಆಗ ನಮೂನೆ 6ರಲ್ಲಿ ಕೆಲಸ ಕೇಳಿ ರಸೀದಿ ಇಸಿದುಕೊಂಡರೆ ಹದಿನೈದು ದಿನದಲ್ಲಿ ಕೆಲಸ ಕೊಡಬೇಕಿತ್ತು, ಇಲ್ಲದಿದ್ದರೆ ಭತ್ಯೆ. ರಸೀದಿ ಇಲ್ಲದಿದ್ದರೆ ನೀನು ಕೇಳಿಯೇ ಇಲ್ಲ ಅನ್ನುತ್ತಿದ್ದರು.

ಇದರಿಂದ ಓಟು ಬಂತೇ ಅಂತ ಕೇಳುತ್ತೀಯ. ಎಲ್ಲರದ್ದೂ ಬರಲಿಲ್ಲ. ನಾನೇ ಅರ್ಜಿ ಬರೆದು ಕೊಟ್ಟ ಒಬ್ಬ ಅಜ್ಜಿ 'ನಿನಗೆ ಹಾಕುವುದಿಲ್ಲವ್ವಾ, ನಮ್ಮ ಮಂದಿ ಆ ಕಡೆ' ಅಂತ ಮುಖಕ್ಕೇ ಹೇಳಿದ್ದಳು. ಆಮೇಲೂ ಅವಳ ಕೆಲಸ ಮಾಡಿದೆ. ಅದನ್ನು ಓಣಿಯ ಉಳಿದ ಹೆಂಗಸರು ನೋಡಿದರು. 2016ರಲ್ಲಿ ಆ ಓಣಿಯಿಂದಲೇ ನನಗೆ ಓಟು ಬಂತು, ಅಜ್ಜಿಯದ್ದು ಬಂತೋ ಇಲ್ಲವೋ ದೇವರಿಗೆ ಗೊತ್ತು.

2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂದಾಗ ನಾನು ಸದಸ್ಯೆ. ಅದನ್ನು ಹೇಳಹೊರಟರೆ ಮುಗಿಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಮನೆ ಪೂರ್ತಿ ಬಿದ್ದವರಿಗೆ ಐದು ಲಕ್ಷ ಅಂತ ಆಯಿತು. ಎ, ಬಿ, ಸಿ ಅಂತ ವರ್ಗ ಮಾಡಿದರು. ಗೋಡೆ ನೆನೆದು ನಿಂತ ಮನೆ ಸಿ ವರ್ಗಕ್ಕೆ ಹೋಯಿತು, ತಿಂಗಳು ಬಿಟ್ಟು ಅದೂ ಬಿತ್ತು. ಹಣ ಬರುವುದು ಹಂತ ಹಂತವಾಗಿ. ತಳಪಾಯ ಹಾಕಿ ನಿಂತ ಎಷ್ಟೋ ಮನೆ ಹಾಗೇ ಉಳಿದವು. ಹೊಳೆಸಾಲಿನ ಹಳ್ಳಿ ಅಂದೆಯಲ್ಲ, ನಿಮ್ಮೂರಲ್ಲೂ ಅಂಥ ಮನೆ ಇರಬೇಕು. ಆಗ ಯಾವ ಸರ್ಕಾರ, ಈಗ ಯಾವ ಸರ್ಕಾರ ಅಂತ ಲೆಕ್ಕ ಹಾಕಬೇಡ. ಆ ಕಡತ ಎಲ್ಲಿ ನಿಂತಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಬಂದರೆ ಆ ಮನೆಯವರ ಕೈಗೆ ಕೊಡು, ವಾಟ್ಸ್ಯಾಪ್‌ಗೆ ಹಾಕಬೇಡ.

ಇನ್ನೊಂದು. ಮಾಸ್ತರ್ರ ಫಾರ್ಮ್ 20 ಒಳ್ಳೆಯದು, ಆದರೆ ಅದನ್ನು ಹಳ್ಳಿಯಲ್ಲಿ ಬಾಯಿ ಬಿಡಬೇಡ. 'ನಿಮ್ಮ ಬೂತ್‌ನಲ್ಲಿ ನಮಗೆ ಇಷ್ಟೇ ಬಂತು' ಅಂದ ದಿನ ಜನ ಹೆದರುತ್ತಾರೆ, ಇವನಿಗೆ ಎಲ್ಲ ಗೊತ್ತು ಅಂತ. ಹೆದರಿದವರು ನಗುನಗುತ್ತಾ ಮಾತಾಡಿ ಓಟು ಬೇರೆ ಕಡೆ ಹಾಕುತ್ತಾರೆ. ಗುಟ್ಟಿನ ಮತ ಅವರ ಆಸ್ತಿ. ಅದಕ್ಕೆ ಕೈ ಹಾಕಿದವರನ್ನು ಕ್ಷಮಿಸುವುದಿಲ್ಲ.

ಇನ್ನು ಆ ಕಾಕಾನ ಕಬ್ಬಿನ ಬಿಲ್. ನಿನ್ನ ಇಡೀ ಪ್ರಶ್ನೆ ಅಲ್ಲೇ ಇದೆ. ಕಬ್ಬು ಕಳಿಸಿದ ಹದಿನಾಲ್ಕು ದಿನದಲ್ಲಿ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮ್ಮ ಮೂರೂ ಜಿಲ್ಲೆಯಲ್ಲಿ ಎಲ್ಲ ಪಕ್ಷದ ದೊಡ್ಡವರಿಗೂ ಕಾರ್ಖಾನೆಯ ನಂಟು ಇದೆ. ಅದಕ್ಕೇ ವಿರೋಧ ಪಕ್ಷದಲ್ಲಿ ಇರುವಾಗ ಎದುರಿನವರ ಕಾರ್ಖಾನೆ ಮುಂದೆ ಧರಣಿ ಕೂರುತ್ತಾರೆ, ತಮ್ಮವರದ್ದು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ತಾಲ್ಲೂಕು ಘಟಕ ನಿಮ್ಮದೇ ಸಾಹೇಬ್ರಿಗೆ ಒಂದು ಪತ್ರ ಬರೆಯಲಿ. ಇಂತಿಂಥ ಊರಿನ ಇಂತಿಷ್ಟು ರೈತರ ಬಾಕಿ ಇದೆ, ಇಂಥ ತಾರೀಖಿನೊಳಗೆ ಕೊಡಿ ಅಂತ. ಸಹಿ ಹಾಕಿ, ಊರಲ್ಲಿ ಓದಿ ಹೇಳಲಿ. ಆ ಒಂದು ಕಾಗದ ನಿಮ್ಮ ಕರಪತ್ರದ ಕಟ್ಟಿಗಿಂತ ಭಾರ ಆಗುತ್ತದೆ.

---

ಕ್ಯಾಂಪ್ ಏರಿಯಾ (ಬೆಳಗಾವಿ)

ಅಕ್ಕಾರು ಹೇಳಿದ್ದು ಹಳ್ಳಿಗೆ ಸರಿ. ನಗರದಲ್ಲಿ ಯಾರೂ ಅರ್ಜಿ ಬರೆಸಿಕೊಳ್ಳಲು ಬರುವುದಿಲ್ಲ, ಮೊಬೈಲ್‌ನಲ್ಲೇ ಮಾಡುತ್ತಾರೆ. ಇಲ್ಲಿಯ ಲೆಕ್ಕ ಬೇರೆ.

ನಮ್ಮಲ್ಲಿ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕು ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಉದಾಹರಣೆ ಇದೆ. 2013ರಲ್ಲಿ ಬೆಳಗಾವಿ ದಕ್ಷಿಣ ಮತ್ತು ಖಾನಾಪುರ ಎರಡೂ ಅವರ ಕೈಯಲ್ಲಿತ್ತು. 2018ರಲ್ಲಿ ಸೊನ್ನೆ, 2023ರಲ್ಲೂ ಸೊನ್ನೆ. 2021ರ ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆಗೆ ಮೊದಲ ಸಲ ಪಕ್ಷದ ಚಿಹ್ನೆ ಮೇಲೆ ಚುನಾವಣೆ ಆಯಿತು. 58 ವಾರ್ಡಿನಲ್ಲಿ ಬಿಜೆಪಿ 35 ಗೆದ್ದಿತು. ಎಷ್ಟೋ ವರ್ಷ ಪಾಲಿಕೆಯನ್ನೇ ಆಳಿದವರು ಬೆರಳೆಣಿಕೆಗೆ ಬಂದರು. ನಮ್ಮ ಓಣಿಯ ಮರಾಠಿ ಮನೆಗಳಲ್ಲೂ ಕೇಳಿದ್ದೇನೆ. ಗಡಿ ವಿಷಯ ಇರಲಿ, ಗಟಾರ ಯಾರು ತೆಗೆಸುತ್ತಾರೆ ಅನ್ನುತ್ತಾರೆ. ಹುಡುಗರಿಗೆ ನೌಕರಿ ಬೇಕು. ಸೋತ ಪ್ರತಿ ಸಲವೂ ಅವರು ಅದೇ ಹಳೆಯ ಘೋಷಣೆ ಇನ್ನೂ ಜೋರಾಗಿ ಕೂಗಿದರು. ನನ್ನ ಮಟ್ಟಿಗೆ ಸೋತ ಪಕ್ಷಗಳು ಮಾಡುವ ದೊಡ್ಡ ತಪ್ಪು ಇದೇ. ಜನ ಕೇಳಿಸಿಕೊಂಡಿಲ್ಲ ಅಂದುಕೊಂಡು ದನಿ ಏರಿಸುವುದು. ಜನ ಕೇಳಿಸಿಕೊಂಡಿರುತ್ತಾರೆ, ಬೇಡ ಅಂದಿರುತ್ತಾರೆ.

---

ಹೊಳೆಸಾಲ ಹುಡುಗ

ಎಲ್ಲರಿಗೂ ಧನ್ಯವಾದ. ಅಕ್ಕಾರ, ನೀವು ಹೇಳಿದ ಪತ್ರದ ಮಾತು ಒಳ್ಳೆಯದೇ. ಆದರೆ ಹೇಳುವಷ್ಟು ಸುಲಭ ಅಲ್ಲ. ತಾಲ್ಲೂಕು ಅಧ್ಯಕ್ಷರಿಗೆ ಫೋನ್ ಮಾಡಿದೆ. 'ಹುಚ್ಚು ಹಿಡಿದಿದೆಯಾ, ಮುಂದಿನ ಸಲ ಖರ್ಚು ಮಾಡುವವರು ಅವರೇ' ಅಂದರು. ಎದುರಿನ ಪಕ್ಷದ ಕಾರ್ಖಾನೆಯದ್ದೂ ಬಾಕಿ ಇದೆ, ಅದರ ಮುಂದೆ ಬೇಕಾದರೆ ಟ್ರ್ಯಾಕ್ಟರ್ ರ‍್ಯಾಲಿ ಮಾಡೋಣ ಅಂದರು.

ನಾನು ಒಬ್ಬನೇ ಪತ್ರ ಬರೆದರೆ ನನ್ನ ಏಜೆಂಟ್‌ಗಿರಿ ಹೋಗುತ್ತದೆ. ಅದು ಹೋದರೆ ಹೋಗಲಿ ಅನ್ನಬಹುದು. ಆದರೆ ನಮ್ಮ ಕಬ್ಬೂ ಅಲ್ಲಿಗೇ ಹೋಗುವುದು. ಮುಂದಿನ ಹಂಗಾಮಿನಲ್ಲಿ ಕಟಾವಿಗೆ ಗ್ಯಾಂಗ್ ಕಳಿಸದಿದ್ದರೆ ಏನು ಮಾಡಲಿ?

---

ಕಬ್ಬಿನ ಗಾಡಿ (ಗೋಕಾಕ)

ನೋಡ್ರಿ, ನಾನು ಹೇಳಿದ್ದೇ ಬಂತು. ದುಡ್ಡು ಹಾಕುವವರ ಪಕ್ಷ ಅದು. ವಿಧಾನಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ಅಂತ ಕಾಗದದಲ್ಲಿ ಇದೆ. ಅಷ್ಟರಲ್ಲೇ ಮುಗಿಯುತ್ತದೆ ಅಂತ ನಂಬಿದವರು ಕೈ ಎತ್ತಿ. ಆ ದುಡ್ಡು ತಂದವನಿಗೆ ಪಕ್ಷ ಹೇಗೆ ಪತ್ರ ಬರೆಯುತ್ತದೆ?

ಆದರೂ ಅಕ್ಕಾರ ಮಾತು ಓದಿ ಒಂದು ಒಪ್ಪಿಕೊಳ್ಳುತ್ತೇನೆ. ಅಥಣಿಯಲ್ಲಿ ಸವದಿಯವರಿಗೆ ಓಟು ಬಂದದ್ದು ಬರೀ ಹೆಸರಿಗಲ್ಲ, ಊರೂರಿನಲ್ಲಿ ಅವರ ಜೊತೆ ಹೋದ ನಿನ್ನಂಥ ಹುಡುಗರಿಂದಲೂ ಹೌದು. ಪಕ್ಷ ಬದಲಾದರೂ ಬೂತ್‌ನವರು ಬದಲಾಗಲಿಲ್ಲ.

---

ರಾಯಬಾಗದ ಅಕ್ಕ

ತಮ್ಮಾ, ಒಬ್ಬನೇ ಹೋಗು ಅಂತ ನಾನು ಹೇಳಲಿಲ್ಲ. ಒಬ್ಬನ ಹೆಸರಲ್ಲಿ ಪತ್ರ ಬರೆಯುವುದು ಧೈರ್ಯ ಅಲ್ಲ, ದಡ್ಡತನ. ಕಬ್ಬಿನ ಬೆಲ್ಟಿನಲ್ಲಿ ಹುಟ್ಟಿದವಳು ನಾನು, ಕಟಾವಿನ ಗ್ಯಾಂಗ್ ತಡೆದರೆ ಏನಾಗುತ್ತದೆ ಅಂತ ಗೊತ್ತು. ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ, ಮಾಲೀಕರಿಗೆ ಏನೂ ಆಗುವುದಿಲ್ಲ.

ಬಾಕಿ ಇರುವ ರೈತರ ಪಟ್ಟಿ ಮಾಡು. ಯಾವ ಕಾರ್ಖಾನೆ ಅಂತ ಭೇದ ಮಾಡಬೇಡ. ನಿಮ್ಮ ಸಾಹೇಬ್ರದ್ದೂ ಇರಲಿ, ಎದುರಿನವರದ್ದೂ ಇರಲಿ. ತೂಕದ ಚೀಟಿ ಝೆರಾಕ್ಸ್ ಹಚ್ಚಿ, ಎಲ್ಲರ ಸಹಿ ಹಾಕಿಸಿ, ಅರ್ಜಿ ಜಿಲ್ಲಾಧಿಕಾರಿಗೆ ಹೋಗಲಿ. ಪ್ರತಿ ಸಕ್ಕರೆ ಇಲಾಖೆಗೆ. ಪಕ್ಷದ ಲೆಟರ್‌ಹೆಡ್ ಬೇಡ. ಎಲ್ಲ ಪಕ್ಷದ ರೈತರೂ ಅದರಲ್ಲಿ ಇರುತ್ತಾರೆ, ಹೀಗಾಗಿ ನಿನ್ನೊಬ್ಬನ ಕಬ್ಬನ್ನೇ ತಡೆಯುವುದು ಕಷ್ಟ. ಆ ಕಾಕಾನ ಸಹಿ ಮೊದಲು ಹಾಕಿಸು.

ಆ ಪಟ್ಟಿ ಹಿಡಿದುಕೊಂಡು ಅಧ್ಯಕ್ಷರ ಹತ್ತಿರ ಹೋಗು. ಟ್ರ್ಯಾಕ್ಟರ್ ರ‍್ಯಾಲಿಗೆ ಬರುತ್ತೇವೆ, ಎರಡೂ ಕಾರ್ಖಾನೆ ಮುಂದೆ ಮಾಡೋಣ ಅನ್ನು. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ನಿಮ್ಮ ಪಕ್ಷಕ್ಕೆ ವಿಶ್ವಾಸ ಬೇಕಿಲ್ಲ, ಬರೀ ಓಟು ಬೇಕು ಅಂತ ನಿನಗೆ ತಿಳಿಯುತ್ತದೆ. ಆಮೇಲೆ ಅಲ್ಲಿ ಇರುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಿಮ್ಮಪ್ಪನನ್ನೂ ಒಂದು ಮಾತು ಕೇಳು.

ಗೋಕಾಕದ ಅಣ್ಣಾರಿಗೆ ಒಂದು ಮಾತು. ದುಡ್ಡು ಹಾಕುವವರ ಪಕ್ಷ ಅಂತ ನೀವು ಹೇಳಿದ್ದು ನಿಜ. ಆದರೆ ದುಡ್ಡು ಹಾಕಿ ಸೋತವರೂ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ನೀವೇ ಎಣಿಸಿ ನೋಡ್ರಿ.

---

ಲೆಕ್ಕದ ಮಾಸ್ತರ (ವಿಜಯಪುರ)

ಪಟ್ಟಿ ಮಾಡಲು ಮನೆ ಮನೆಗೆ ಹೋಗುವಾಗ ಮತದಾರರ ಪಟ್ಟಿಯನ್ನೂ ಜೊತೆಗೆ ಇಟ್ಟುಕೋ. ತೀರಿಹೋದವರ ಹೆಸರು ಇದ್ದರೆ ಫಾರ್ಮ್ 7, ಹೊಸಬರಿಗೆ ಫಾರ್ಮ್ 6, ಹೆಸರು ವಿಳಾಸ ತಪ್ಪಿದ್ದರೆ ಫಾರ್ಮ್ 8. ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋದವರ ಮನೆಯವರಿಗೆ ಅವರ ಹೆಸರು ಪಟ್ಟಿಯಲ್ಲಿ ಉಳಿದಿದೆಯೋ ಇಲ್ಲವೋ ಅಂತ ತೋರಿಸು. ಎದುರಿನ ಪಕ್ಷದ ಮನೆಗೂ ತೋರಿಸು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಯಾರ ಕಾರ್ಖಾನೆಯೂ ಅಡ್ಡ ಬರುವುದಿಲ್ಲ.

---

ಹೊಳೆಸಾಲ ಹುಡುಗ

ಆಯ್ತ್ರಿ ಅಕ್ಕಾರ. ಕಾಕಾನ ಹತ್ತಿರ ಹೋಗಿದ್ದೆ. ಮೊದಲು ನಕ್ಕರು. 'ನಿಮ್ಮ ಸಾಹೇಬ್ರ ವಿರುದ್ಧ ನೀನೇ ಸಹಿ ತಗೋತೀಯಾ' ಅಂದರು. ಎರಡೂ ಕಾರ್ಖಾನೆ ಅಂತ ಹೇಳಿದ ಮೇಲೆ ಒಳಗಿನಿಂದ ತೂಕದ ಚೀಟಿಯ ಚೀಲ ತಂದರು. ಸಹಿ ಇನ್ನೂ ಹಾಕಿಲ್ಲ. ಮಗ ಬರಲಿ, ಓದಿಸಿ ಹಾಕುತ್ತೇನೆ ಅಂದಿದ್ದಾರೆ.

ಮಾಸ್ತರ್ರೇ, ಫಾರ್ಮ್ 20 ಇಳಿಸಿದೆ. ಒಂದು ತೊಡಕು ಬಂದಿದೆ. ವಿಧಾನಸಭೆ ಹಾಳೆಯಲ್ಲಿ ನಮ್ಮ ಬೂತ್‌ನ ಸಂಖ್ಯೆ ಒಂದು, ಲೋಕಸಭೆಯದ್ದರಲ್ಲಿ ಅದೇ ಸಂಖ್ಯೆಯ ಮುಂದೆ ಮತ ಪೂರ್ತಿ ಬೇರೆ ಥರ ಕಾಣುತ್ತದೆ. ಹಾಳೆಯಲ್ಲಿ ಊರಿನ ಹೆಸರೂ ಇಲ್ಲ. ಬೂತ್ ಬದಲಾಗಿದೆಯಾ ಹೇಗೆ?

---

ಲೆಕ್ಕದ ಮಾಸ್ತರ (ವಿಜಯಪುರ)

ಬದಲಾಗಿರಬಹುದು. ಮತದಾರರು ಜಾಸ್ತಿ ಆದರೆ ಬೂತ್ ಒಡೆಯುತ್ತಾರೆ, ಆಗ ಅದರ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಸಂಖ್ಯೆ ನಂಬಬೇಡ. ಅದೇ ವೆಬ್‌ಸೈಟ್‌ನಲ್ಲಿ ಮತಗಟ್ಟೆಗಳ ಪಟ್ಟಿ ಬೇರೆ ಇರುತ್ತದೆ, ಅದರಲ್ಲಿ ಶಾಲೆಯ ಹೆಸರು, ಕೋಣೆ ಎಲ್ಲ ಇದೆ. ಎರಡೂ ವರ್ಷದ್ದು ತೆಗೆದು ಶಾಲೆಯ ಹೆಸರು ಹಿಡಿದು ಹೊಂದಿಸು. ಲೋಕಸಭೆಯ ಹಾಳೆ ತೆಗೆಯುವಾಗ ನಿನ್ನ ವಿಧಾನಸಭಾ ಕ್ಷೇತ್ರದ ಭಾಗವನ್ನೇ ತೆಗೆದಿದ್ದೀಯಾ ಅಂತಲೂ ನೋಡಿಕೋ. ಬಾಗಲಕೋಟೆ ಲೋಕಸಭೆಗೆ ಗದಗ ಜಿಲ್ಲೆಯ ನರಗುಂದವೂ ಸೇರುತ್ತದೆ, ಪ್ರತಿ ಕ್ಷೇತ್ರದಲ್ಲೂ ಸಂಖ್ಯೆ ಒಂದರಿಂದಲೇ ಶುರು. ಹೊಂದದಿದ್ದರೆ ಇಲ್ಲಿ ಬರಿ, ರಾತ್ರಿ ಊಟ ಆದ ಮೇಲೆ ನೋಡುತ್ತೇನೆ.